ಆತಕೂರಿನ ಕಾಳಿಯಿಂದ ನಮ್ಮ ಬಸ್ ಸ್ಟ್ಯಾಂಡಿನ ಮರಿಗಳವರೆಗೆ



ಕಳೆದ ನವೆಂಬರ್‌ನಲ್ಲಿ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆಯ ನಮ್ಮ ಹುಡುಗ ಹುಡುಗಿಯರು ಒಂದು ಭಾನುವಾರ ಸೇರಿದ್ದೆವು. ಕ್ರಿಸ್‌ಮಸ್ ಕಾರ್ಯಕ್ರಮದ ಲೆಕ್ಕಾಚಾರ ಮಾಡಬೇಕಿತ್ತು. ಗೋದಲಿ ಎಲ್ಲಿ ಕಟ್ಟುವುದು, ಹಾಡು ಯಾರು ಕಲಿಸುವುದು ಅಂತ ಶುರುವಾದ ಮಾತು ಹೇಗೋ ಏನೋ ಬೀದಿನಾಯಿಗಳ ಕಡೆ ತಿರುಗಿತು. ಶಾಲೆಯಲ್ಲಿ ಪಾಠ ಹೇಳುವ ನಮ್ಮ ಅಕ್ಕ ಒಬ್ಬರು ಕೇಳಿದರು: "ಸುಪ್ರೀಂ ಕೋರ್ಟಿನವ್ರು ಸಾಲಿ ಅಂಗಳದಾಗಿನ ನಾಯಿ ಒಯ್ರಿ ಅಂದಾರಂತಲ್ಲ, ಒಯ್ದು ಎಲ್ಲಿ ಇಡ್ತಾರಪ್ಪಾ?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. 'ಶೆಲ್ಟರ್‌ನಾಗ' ಅಂದ ಒಬ್ಬ. ಶೆಲ್ಟರ್ ತುಂಬಿದ ಮೇಲೆ? ಅದಕ್ಕೂ ಉತ್ತರವಿಲ್ಲ.

ಅಕ್ಕ ಹೇಳಿದ್ದು 2025ರ ನವೆಂಬರ್ 7ರ ಆದೇಶ. ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಸಂತಾನಶಕ್ತಿ ಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ ಆಶ್ರಯಧಾಮಕ್ಕೆ ಸಾಗಿಸಬೇಕು, ಮತ್ತೆ ಅದೇ ಜಾಗಕ್ಕೆ ತಂದು ಬಿಡಬಾರದು ಎಂದು ನ್ಯಾಯಾಲಯ ಹೇಳಿತು. ಅದಕ್ಕೂ ಮುಂಚೆ ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ಆದೇಶದಲ್ಲಿ ಇನ್ನೊಂದು ಸಾಲು ಇದೆ, ಅದನ್ನು ಹೆಚ್ಚಿನವರು ಗಮನಿಸಲಿಲ್ಲ. ಬೀದಿನಾಯಿಯನ್ನು ಸಾಕಲು ಮನಸ್ಸಿರುವವರು ಸ್ಥಳೀಯ ನಗರಾಡಳಿತಕ್ಕೆ ಅರ್ಜಿ ಹಾಕಬಹುದು. ಆ ನಾಯಿಗೆ ಗುರುತಿನ ಪಟ್ಟಿ ಹಾಕಿ ಕೊಡುತ್ತಾರೆ. ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಒಯ್ದವರದು.

ಎರಡು ಆದೇಶಗಳನ್ನು ಒಟ್ಟಿಗೆ ಓದಿದರೆ ವಿಷಯ ತಿಳಿಯುತ್ತದೆ. ಒಳಗೆ ಹೋಗುವ ಬಾಗಿಲು ದೊಡ್ಡದಾಗಿದೆ, ಹೊರಗೆ ಬರುವ ಬಾಗಿಲು ಒಂದೇ: ಯಾರದಾದರೂ ಮನೆ. ಈ ಬಾಗಿಲನ್ನು ಹಿಂದಿನವರು ಯಾರು, ಹೇಗೆ ತೆರೆದರು ಅಂತ ಹುಡುಕುತ್ತಾ ಹೋದೆವು. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ.

ಮೊದಲು ನಮ್ಮ ಕನ್ನಡದ ನಾಯಿಯಿಂದಲೇ ಶುರು ಮಾಡೋಣ. ತಾಂಡೂರಿನಿಂದ ವಾಡಿ ಕಡೆ ಹೋಗುವ ರೈಲು ಹತ್ತಿದವರಿಗೆ ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಗೊತ್ತಿರುತ್ತದೆ. ಆ ಮಳಖೇಡವೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿಂದ ಆಳಿದ ಮೂರನೆಯ ಕೃಷ್ಣನ ಕಾಲದಲ್ಲಿ, 949ರ ಸುಮಾರಿಗೆ, ತಕ್ಕೋಲಂನಲ್ಲಿ ಚೋಳರ ಜೊತೆ ದೊಡ್ಡ ಯುದ್ಧವಾಯಿತು. ಕೃಷ್ಣನ ಕಡೆಯಿಂದ ಹೋರಾಡಿದ ಗಂಗರ ಬೂತುಗ ಗೆದ್ದ. ಬೂತುಗನ ಜೊತೆ ಕಾದಿದ ವೀರ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿದ ಬೂತುಗ ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಒಂದು ನಾಯಿ. ಅದರ ಹೆಸರು ಕಾಳಿ.

ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿದ. ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೇವಸ್ಥಾನದ ಮುಂದೆ ನಿಂತಿದ್ದ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮೇಲೆ ನಾಯಿ ಮತ್ತು ಹಂದಿಯ ಕಾದಾಟದ ಚಿತ್ರ, ಸುತ್ತ ಹಳಗನ್ನಡದ ಬರಹ. ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟಿದ್ದಾರೆ. ಆ ಭೂಮಿ ಉಣ್ಣುವ ಗೊರವ ಕಲ್ಲಿಗೆ ಪೂಜೆ ಮಾಡದೆ ತಾನು ಊಟ ಮಾಡಿದರೆ ಪಾಪ ಬರುತ್ತದೆ ಎಂದೂ ಬರೆಸಿದ್ದಾರೆ. ರಾಷ್ಟ್ರಕೂಟ ಚಕ್ರವರ್ತಿಯ ಯುದ್ಧದ ಸುದ್ದಿ ಇಂದು ನಮಗೆ ತಿಳಿದಿರುವುದರಲ್ಲಿ ಒಂದು ಪಾಲು ಈ ನಾಯಿಯ ಕಲ್ಲಿನಿಂದಲೇ.

ಬೇಟೆನಾಯಿಗೆ ಮರ್ಯಾದೆ ಸಿಕ್ಕಿತು, ಸರಿ. ಹಾಗಂತ ಆಗಿನ ಎಲ್ಲ ನಾಯಿಗಳಿಗೂ ಇಷ್ಟು ಗೌರವ ಇತ್ತು ಅಂತ ಹೇಳಲಾಗದು. ನಮ್ಮ ಭಾಗದಲ್ಲಿ ನಾಯಿಯ ಸ್ಥಾನ ಯಾವಾಗಲೂ ಎರಡು ತರ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಹೋದವರು ವಗ್ಗಯ್ಯಗಳನ್ನು ನೋಡಿರಬಹುದು. ತಾವು ಮೈಲಾರನ ನಾಯಿಗಳು ಅಂತಲೇ ಬೊಗಳುವ ಭಕ್ತರು ಅವರು. ಅದೇ ಊರಲ್ಲಿ ಯಾರನ್ನಾದರೂ ಬೈಯಬೇಕಾದರೆ ಮೊದಲು ಬಾಯಿಗೆ ಬರುವುದೂ 'ನಾಯಿ' ಎಂಬ ಮಾತೇ. ನಮ್ಮ ಬೈಬಲ್ಲಿನಲ್ಲೂ ಹೀಗೇ. ಹೆಚ್ಚಿನ ಕಡೆ ನಾಯಿ ಅಂದರೆ ತಾತ್ಸಾರ, ಆದರೆ ತೋಬಿತನ ಗ್ರಂಥದಲ್ಲಿ ಹುಡುಗ ದೂರದ ಊರಿಗೆ ಹೊರಟಾಗ ನಾಯಿ ಹಿಂದೆಯೇ ಹೋಗುತ್ತದೆ, ವಾಪಸ್ಸೂ ಬರುತ್ತದೆ. ಅದು ಯಾಕೆ ಹೋಯಿತು ಅಂತ ಗ್ರಂಥ ಹೇಳುವುದೇ ಇಲ್ಲ.

ಊರೊಳಗಿನ ನಾಯಿ ಒಬ್ಬರದಲ್ಲ, ಓಣಿಯದು. ಉಳಿದ ಜೋಳದ ರೊಟ್ಟಿ ಅದಕ್ಕೆ. ರಾತ್ರಿ ಬೊಗಳುವುದು ಅದರ ಕೆಲಸ. ಈ ವ್ಯವಸ್ಥೆಗೆ ಕಾನೂನಿನ ಕೈ ತಗುಲಿದ್ದು ಬ್ರಿಟಿಷರ ಊರುಗಳಲ್ಲಿ.

ಬೊಂಬಾಯಿಯಲ್ಲಿ ಬೇಸಿಗೆ ದಿನಗಳಲ್ಲಿ ಬೀದಿನಾಯಿ ಕೊಲ್ಲುವ ನಿಯಮವನ್ನು 1813ರಲ್ಲೇ ಮಾಡಿದ್ದರು. ಕೊಂದವರಿಗೆ ನಾಯಿಗೆ ಇಷ್ಟು ಅಂತ ಇನಾಮು. ದುಡ್ಡಿನ ಆಸೆಗೆ ಮನೆ ಮುಂದೆ ಮಲಗಿದ ನಾಯಿಗಳನ್ನೂ ಎಳೆದುಕೊಂಡು ಹೋಗುತ್ತಿದ್ದರು. 1832ರ ಜೂನ್ 6ರಂದು ಪಾರ್ಸಿಗಳು ತಿರುಗಿಬಿದ್ದರು. ಅವರ ಧರ್ಮದಲ್ಲಿ ನಾಯಿಗೆ ಪವಿತ್ರ ಸ್ಥಾನ, ಶವಸಂಸ್ಕಾರದ ವಿಧಿಯಲ್ಲೂ ಅದಕ್ಕೆ ಪಾತ್ರವಿದೆ. ಮರುದಿನ ಬೇರೆ ಧರ್ಮದವರೂ ಸೇರಿ ಅಂಗಡಿ ಮುಚ್ಚಿದರು, ಸೈನ್ಯ ಬಂತು. ಚರಿತ್ರೆಯಲ್ಲಿ ಇದಕ್ಕೆ 'ಬೊಂಬಾಯಿ ನಾಯಿ ದಂಗೆ' ಎಂದೇ ಹೆಸರು. ಎರಡು ವರ್ಷದ ಮೇಲೆ, 1834ರಲ್ಲಿ, ಜಮ್‌ಶೆಟ್ಜಿ ಜೀಜೀಭಾಯಿ ಮತ್ತು ಅಮೀಚಂದ್ ಶಾ ಸೇರಿ ಬೊಂಬಾಯಿ ಪಾಂಜರಾಪೋಳ ಕಟ್ಟಿದರು. ಗುಂಡಿಗೆ ಬಲಿಯಾಗುತ್ತಿದ್ದ ಬೀದಿ ಪ್ರಾಣಿಗಳಿಗೆ ಅಲ್ಲಿ ಜಾಗ ಸಿಕ್ಕಿತು.

ಇಲ್ಲಿ ನಮಗೆ ಒಂದು ವಿಷಯ ಹೊಳೆಯಿತು. ಪಾಂಜರಾಪೋಳ, ಗೋಶಾಲೆ ಇವೆಲ್ಲ ಬಹಳ ಹಳೆಯ, ಬಹಳ ಒಳ್ಳೆಯ ಪದ್ಧತಿ. ಆದರೆ ಅಲ್ಲಿಗೆ ಸೇರಿದ ಪ್ರಾಣಿ ಸಾಯುವವರೆಗೂ ಅಲ್ಲಿಯೇ. ಸಾಕುವ ಪುಣ್ಯ ಸಂಸ್ಥೆಯದು, ಕೊಡುವ ಪುಣ್ಯ ದಾನಿಯದು. ಪ್ರಾಣಿ ಒಂದು ಮನೆಗೆ ಹೋಗಬೇಕು ಎಂಬ ಯೋಚನೆಗೆ ಅಲ್ಲಿ ಹೆಚ್ಚು ಜಾಗವಿರಲಿಲ್ಲ. ಬಿಎಸ್ಸಿ ಓದಿದ ಬುದ್ಧಿ ಲೆಕ್ಕ ಹಾಕದೆ ಬಿಡುವುದಿಲ್ಲ, ಆದ್ದರಿಂದ ಹಾಕಿಯೇ ಬಿಡುತ್ತೇವೆ: 60 ನಾಯಿ ಹಿಡಿಸುವ ಒಂದು ಆಶ್ರಯಕ್ಕೆ ತಿಂಗಳಿಗೆ 10 ಬಂದು 2 ಮಾತ್ರ ಮನೆ ಸೇರಿದರೆ ಎಂಟನೆಯ ತಿಂಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಿಂಗಳಿಗೆ 9 ಮನೆ ಸೇರಿದರೆ ಅದೇ ಜಾಗ ಐದು ವರ್ಷ ನಡೆಯುತ್ತದೆ.

ಇನ್ನು ಲಂಡನ್ನಿಗೆ ಹೋಗೋಣ. 1824ರ ಜೂನ್‌ನಲ್ಲಿ ಒಂದು ಕಾಫಿ ಅಂಗಡಿಯಲ್ಲಿ ಕೆಲವರು ಸೇರಿ ಪ್ರಾಣಿಹಿಂಸೆ ತಡೆಯುವ ಸಂಘ ಕಟ್ಟಿದರು. ಕರೆದವರು ಆರ್ಥರ್ ಬ್ರೂಮ್ ಎಂಬ ಆಂಗ್ಲಿಕನ್ ಪಾದ್ರಿ. ಗುಲಾಮಗಿರಿ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಕೂಡ ಅಲ್ಲಿದ್ದರು. ಬ್ರೂಮ್ ತಮ್ಮ ಸಭೆಯ ಕೆಲಸ ಬಿಟ್ಟು ಇದಕ್ಕೇ ನಿಂತರು. ಸಂಘ ಸಾಲದಲ್ಲಿ ಮುಳುಗಿದಾಗ, 1826ರಲ್ಲಿ, ಆ ಸಾಲಕ್ಕೆ ಅವರೇ ಜೈಲಿಗೆ ಹೋದರು. ಹಣ ಹೊಂದಿಸಿ ಸಂಘವನ್ನು ಎತ್ತಿ ನಿಲ್ಲಿಸಿದವರಲ್ಲಿ ಲೂಯಿಸ್ ಗೊಂಪರ್ಟ್ಸ್ ಎಂಬ ಯೆಹೂದಿ ಮುಖ್ಯರು. ಕೆಲ ವರ್ಷಗಳಲ್ಲೇ ಸಂಘ ತನ್ನನ್ನು ಕ್ರೈಸ್ತರ ಸಂಘ ಎಂದು ಕರೆದುಕೊಂಡಿತು, ಗೊಂಪರ್ಟ್ಸ್ ಹೊರನಡೆಯಬೇಕಾಯಿತು. ನಮ್ಮವರ ಕಥೆ ಹೇಳುವಾಗ ಈ ಭಾಗ ಬಿಟ್ಟು ಹೇಳಿದರೆ ಅದು ಅರ್ಧ ಕಥೆ. 1840ರಲ್ಲಿ ವಿಕ್ಟೋರಿಯಾ ರಾಣಿಯ ಅನುಮತಿಯಿಂದ ಸಂಘದ ಹೆಸರಿಗೆ 'ರಾಯಲ್' ಸೇರಿತು.

ಅದೇ 1824ನ್ನು ಕನ್ನಡಿಗರು ಬೇರೆ ಕಾರಣಕ್ಕೆ ನೆನಪಿಟ್ಟಿದ್ದೇವೆ. ಜೂನ್‌ನಲ್ಲಿ ಲಂಡನ್ನಿನಲ್ಲಿ ಪ್ರಾಣಿಗಳ ಮೇಲೆ ದಯೆ ತೋರಿಸಲು ಸಂಘ. ಅಕ್ಟೋಬರ್‌ನಲ್ಲಿ ಕಿತ್ತೂರಿನ ದತ್ತು ಮಗನನ್ನು ಒಪ್ಪುವುದಿಲ್ಲ ಎಂದು ಕಂಪನಿಯ ಸೈನ್ಯ ಕೋಟೆಯ ಮುಂದೆ. ಚೆನ್ನಮ್ಮನ ಕಡೆಯವರ ಗುಂಡಿಗೆ ಥ್ಯಾಕರೆ ಬಿದ್ದದ್ದು ಅಕ್ಟೋಬರ್ 23ರಂದು. ಒಂದೇ ದೇಶದವರ ಎರಡು ಕೆಲಸ!

'ದತ್ತು' ಎಂಬ ಮಾತು ಬಂದದ್ದರಿಂದ ಒಂದು ಪ್ರಸಂಗ. ನಾವು ಮೊದಲು ಬರೆದ ಪೋಸ್ಟರಿನಲ್ಲಿ 'ನಾಯಿಮರಿಗಳನ್ನು ದತ್ತು ತೆಗೆದುಕೊಳ್ಳಿ' ಅಂತ ಇತ್ತು. ಚರ್ಚಿನ ಗೇಟಿನಲ್ಲಿ ಅದನ್ನು ಯಾರೋ ಓದಿ ಹೇಳಿದಾಗ ಒಬ್ಬ ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕರು. "ದತ್ತಕ ಅಂದ್ರ ಹೊಲಾ ಬರ್ಕೊಡ್ಬೇಕೇನೋ ತಮ್ಮಾ ಆ ಕುನ್ನಿಗಿ?" ಅಜ್ಜಿ ಹೇಳಿದ್ದು ಸರಿ. ನಮ್ಮ ಕಡೆ ದತ್ತು ಅಂದರೆ ವಾರಸುದಾರಿಕೆ, ಆಸ್ತಿ, ತಹಸೀಲ್ ಕಚೇರಿ. ಪೋಸ್ಟರ್ ಹರಿದು ಹೊಸದು ಬರೆದೆವು: 'ಕುನ್ನಿ ಅವ. ಸಾಕ್ತೀರೇನ್ರಿ?' ಕೆಳಗೆ ತೆಲುಗು, ಉರ್ದು, ಮರಾಠಿಯಲ್ಲೂ ಅದೇ ಮಾತು. ಫೋನು ಬರತೊಡಗಿದ್ದು ಆಮೇಲೆ.

ಲಂಡನ್ನಿನ ಸಂಘ ಹಿಂಸೆ ತಡೆಯಲು ಕೇಸು ಹಾಕುತ್ತಿತ್ತು. ಬೀದಿಯಲ್ಲಿ ಹಸಿದು ಬಿದ್ದ ನಾಯಿಗೆ ಜಾಗ ಮಾಡಿದವರು ಮೇರಿ ಟೀಲ್ಬಿ ಎಂಬ ಹೆಂಗಸು. 1860ರಲ್ಲಿ ಹಾಲೊವೇ ಎಂಬಲ್ಲಿ ಕಳೆದುಹೋದ, ಹಸಿದ ನಾಯಿಗಳಿಗೆ ತಾತ್ಕಾಲಿಕ ಮನೆ ತೆರೆದರು. 'ತಾತ್ಕಾಲಿಕ' ಎಂಬ ಶಬ್ದ ಹೆಸರಿನಲ್ಲೇ ಇತ್ತು. ಅವರಿಗೆ ಬೇಕಿದ್ದದ್ದು ಕೂಡಿಹಾಕುವ ಜಾಗವಲ್ಲ, ಮಾಲೀಕ ಸಿಗುವ ತನಕ ಅಥವಾ ಹೊಸ ಮನೆ ಸಿಗುವ ತನಕ ನಿಲ್ಲುವ ಜಾಗ. ಮನುಷ್ಯರಿಗೇ ಇಲ್ಲದ ಊರಿನಲ್ಲಿ ನಾಯಿಗೆ ಮನೆಯೇ ಅಂತ ಪತ್ರಿಕೆಗಳು ಗೇಲಿ ಮಾಡಿದವು. ಎರಡು ವರ್ಷದ ಮೇಲೆ, 1862ರಲ್ಲಿ, ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಒಂದು ಲೇಖನ ಬಂತು. ಒಂದು ಕಡೆ ಶ್ರೀಮಂತರ ಜಾತಿನಾಯಿಗಳ ಪ್ರದರ್ಶನ, ಇನ್ನೊಂದು ಕಡೆ ಟೀಲ್ಬಿಯವರ ಮನೆಯ ಬಡಕಲು ನಾಯಿಗಳು. ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದ ಆ ಲೇಖನ ಜನರ ಮನಸ್ಸು ತಿರುಗಿಸಲು ನೆರವಾಯಿತು. ಟೀಲ್ಬಿ 1865ರಲ್ಲಿ ತೀರಿಕೊಂಡರು. ಸಂಸ್ಥೆ 1871ರಲ್ಲಿ ಬ್ಯಾಟರ್‌ಸೀಗೆ ಹೋಯಿತು, ಇಂದಿಗೂ ಅಲ್ಲೇ ಇದೆ.

ಅಮೆರಿಕದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಫಿಲಡೆಲ್ಫಿಯಾದ ಕ್ಯಾರೊಲಿನ್ ಅರ್ಲ್ ವೈಟ್ ಒಬ್ಬರು. ಕ್ವೇಕರ್ ಮನೆಯಲ್ಲಿ ಹುಟ್ಟಿ ಕಥೋಲಿಕರಾದವರು. ಪ್ರಾಣಿದಯಾ ಸಂಘ ಕಟ್ಟಲು ಓಡಾಡಿದ್ದು ಅವರೇ, ಆದರೆ ಹೆಂಗಸು ಅಂತ ಆಡಳಿತ ಮಂಡಳಿಯಲ್ಲಿ ಕುರ್ಚಿ ಕೊಡಲಿಲ್ಲ. 1869ರಲ್ಲಿ ಮಹಿಳಾ ಶಾಖೆ ತೆರೆದರು. ಹಗ್ಗ ಬಿಗಿದು ಎಳೆದೊಯ್ದು ಬಡಿದು ಕೊಲ್ಲುತ್ತಿದ್ದ ನಾಯಿ ದೊಡ್ಡಿಯ ಕೆಲಸವನ್ನು ನಗರಾಡಳಿತದಿಂದ ತಮ್ಮ ಕೈಗೆ ತೆಗೆದುಕೊಂಡು ಆಶ್ರಯ ನಡೆಸಿದರು.

ಆದರೆ ಅಮೆರಿಕದ ಆಶ್ರಯಗಳ ಮುಂದಿನ ನೂರು ವರ್ಷ ಸುಖದ ಕಥೆಯಲ್ಲ. ಬಂದ ಪ್ರಾಣಿಗಳಲ್ಲಿ ಹೆಚ್ಚಿನವಕ್ಕೆ ಮನೆ ಸಿಗದೆ ಕೊಲ್ಲುತ್ತಿದ್ದರು. 1970ರ ದಶಕದಲ್ಲಿ ವರ್ಷಕ್ಕೆ ಒಂದು ಕೋಟಿಗೂ ಮೇಲೆ ಹೀಗೆ ಸತ್ತವು ಎಂದು ಅಂದಾಜು. ಅಲ್ಲಿನ ಪ್ರಾಣಿದಯಾ ಸಂಘದ ಅಂದಾಜಿನಂತೆ 2019ಕ್ಕೆ ಅದು ಸುಮಾರು 9 ಲಕ್ಷ 20 ಸಾವಿರಕ್ಕೆ ಇಳಿದಿತ್ತು. ಇಳಿದದ್ದು ಹೇಗೆ? ಸಂತಾನಶಕ್ತಿ ಹರಣ ಒಂದು. ಮನೆ ಹುಡುಕುವ ಕೆಲಸವನ್ನು ಮುಖ್ಯ ಕೆಲಸ ಮಾಡಿಕೊಂಡದ್ದು ಇನ್ನೊಂದು. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ರಾಣಿದಯಾ ಸಂಘ ನಗರಾಡಳಿತದ ಜೊತೆ ಒಪ್ಪಂದ ಮಾಡಿಕೊಂಡಿತು: ಸಾಕಲು ಯೋಗ್ಯವಾದ ಯಾವ ನಾಯಿ ಬೆಕ್ಕನ್ನೂ ನೀವು ಕೊಲ್ಲಬೇಡಿ, ಮನೆ ಹುಡುಕುವ ಹೊಣೆ ನಮ್ಮದು. ಸಂತ ಫ್ರಾನ್ಸಿಸರ ಹೆಸರಿನ ಊರಿನಿಂದಲೇ ಇದು ಶುರುವಾದದ್ದು ನಮಗೆ ಖುಷಿ ಕೊಟ್ಟಿತು.

ನಮ್ಮ ದೇಶದ ಊರುಗಳು ನಡೆದದ್ದು ಬೇರೆ ದಾರಿ. ಮದರಾಸು ಪುರಸಭೆ 1860ರ ಹೊತ್ತಿಗೇ ನಾಯಿ ಹಿಡಿದು ಕೊಲ್ಲಲು ಶುರು ಮಾಡಿತ್ತು. ಅಲ್ಲಿನ ಬ್ಲೂ ಕ್ರಾಸ್‌ನವರು ದಾಖಲಿಸಿದಂತೆ 1990ರ ದಶಕದ ಮಧ್ಯದಲ್ಲಿ ದಿನಕ್ಕೆ 135ರ ತನಕ ಕೊಲ್ಲುತ್ತಿದ್ದರು. ನೂರಾ ಮೂವತ್ತೈದು ವರ್ಷ ಕೊಂದರೂ ನಾಯಿ ಕಡಿಮೆಯಾಗಲಿಲ್ಲ, ಹುಚ್ಚುನಾಯಿ ರೋಗವೂ ನಿಲ್ಲಲಿಲ್ಲ. ಪ್ರಾಣಿಶಾಸ್ತ್ರ ಓದಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಹೆಣ್ಣುನಾಯಿಯ ಗರ್ಭ ಸುಮಾರು 63 ದಿನ, ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಕಸ ತೊಟ್ಟಿ ಇರುವ ತನಕ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಕ್ಯಾಪ್ಟನ್ ವಿ. ಸುಂದರಂ 1959ರಲ್ಲಿ ಕಟ್ಟಿದ ಬ್ಲೂ ಕ್ರಾಸ್ 1960ರ ದಶಕದಿಂದಲೇ ಸಂತಾನ ನಿಯಂತ್ರಣವೇ ದಾರಿ ಎಂದು ಹೇಳುತ್ತ ಬಂದಿತ್ತು. ಪುರಸಭೆ ಅದನ್ನು ಒಪ್ಪಿಕೊಂಡದ್ದು 1996ರಲ್ಲಿ.

ಕಾನೂನಿನ ಕಥೆ ಚಿಕ್ಕದಾಗಿ. ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದರು, ನೆಹರೂ ಸರಕಾರದಿಂದಲೇ ಕಾಯ್ದೆ ತರುತ್ತೇವೆ ಎಂದು ಮಾತು ಕೊಟ್ಟಾಗ ಹಿಂತೆಗೆದುಕೊಂಡರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಹಾಗೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ, ಮೊದಲ ಅಧ್ಯಕ್ಷೆ ಅವರೇ. ನಾಯಿಗಳ ಸಂತಾನ ನಿಯಂತ್ರಣ ನಿಯಮ 2001ರಲ್ಲಿ, ಅದರ ಹೊಸ ರೂಪ 2023ರ ಮಾರ್ಚ್‌ನಲ್ಲಿ.

ಕನ್ನಡನಾಡಿನಲ್ಲಿ ಆಶ್ರಯದಿಂದ ಮನೆಗೆ ಎಂಬ ಕೆಲಸಕ್ಕೆ ರೂಪ ಕೊಟ್ಟವರಲ್ಲಿ ಕ್ರಿಸ್ಟಲ್ ರೋಜರ್ಸ್ ಅವರನ್ನು ನೆನೆಯಲೇಬೇಕು. ಇಂಗ್ಲೆಂಡಿನಲ್ಲಿ 1906ರಲ್ಲಿ ಹುಟ್ಟಿದವರು. 1959ರಲ್ಲಿ ದೆಹಲಿಯಲ್ಲಿ ಒಂದು ಆಶ್ರಯ, 1980ರಲ್ಲಿ ಜೈಪುರದಲ್ಲಿ ಇನ್ನೊಂದು. ಎಂಬತ್ತು ದಾಟಿದ ಮೇಲೆ ಬೆಂಗಳೂರಿಗೆ ಬಂದು 1991ರಲ್ಲಿ 'ಕ್ಯೂಪಾ' ಸಂಸ್ಥೆ ಕಟ್ಟಿ, 1996ರಲ್ಲಿ ತೀರಿಕೊಂಡರು. ಎಂಬತ್ತೈದರಲ್ಲಿ ಹೊಸ ಸಂಸ್ಥೆ! ನಮ್ಮಲ್ಲಿ ಇಪ್ಪತ್ತೈದಕ್ಕೇ 'ಟೈಮ್ ಇಲ್ಲ' ಅನ್ನುವವರಿದ್ದಾರೆ, ಹೆಸರು ಹೇಳುವುದಿಲ್ಲ. ಆ ಸಂಸ್ಥೆ ಈಗ ಬೆಂಗಳೂರಿನಲ್ಲಿ ಬಿಟ್ಟುಹೋದ ನಾಯಿಗಳಿಗೆ ಮನೆ ಹುಡುಕಲೆಂದೇ ಒಂದು ಕೇಂದ್ರ ನಡೆಸುತ್ತದೆ. ಹೈದರಾಬಾದಿನಲ್ಲಿ ಅಮಲಾ ಅಕ್ಕಿನೇನಿ 1992ರಲ್ಲಿ ಕಟ್ಟಿದ ಬ್ಲೂ ಕ್ರಾಸ್ ಇದೆ. 2025ರ ಆಗಸ್ಟ್‌ನಲ್ಲಿ ಹೈದರಾಬಾದ್ ಮಹಾನಗರ ಪಾಲಿಕೆಯೇ ಬಂಜಾರಾ ಹಿಲ್ಸ್‌ನ ಪಾರ್ಕಿನಲ್ಲಿ ದೇಸಿ ನಾಯಿಮರಿಗಳ ಮೇಳ ಇಟ್ಟು ಸಾಕುವವರನ್ನು ಕರೆಯಿತು.

ಹೈದರಾಬಾದಿನ ಮಾತು ಬಂದರೆ ಅಂಬರ್‌ಪೇಟೆಯ ಮಾತೂ ಬರಬೇಕು. 2023ರ ಫೆಬ್ರುವರಿಯಲ್ಲಿ ಅಲ್ಲಿ ನಾಲ್ಕು ವರ್ಷದ ಮಗುವನ್ನು ಬೀದಿನಾಯಿಗಳು ಕಚ್ಚಿ ಕೊಂದವು. ಆ ಸಿಸಿಟಿವಿ ದೃಶ್ಯ ನೋಡಿದವರು ಯಾರೂ ಮರೆತಿಲ್ಲ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ. 36 ಭಾರತದಲ್ಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ, ಅದರಲ್ಲೂ ಮಕ್ಕಳು ಬಹಳ. ನಾಯಿಗೆ ಹೆದರುವವರನ್ನು ಕ್ರೂರಿಗಳು ಅನ್ನುವುದು ಅನ್ಯಾಯ.

ಆ ಹೆದರಿಕೆ ಎಲ್ಲಿಯ ತನಕ ಹೋಗಬಲ್ಲದು ಎಂಬುದಕ್ಕೆ ನಮ್ಮ ಸಂಗಾರೆಡ್ಡಿ ಜಿಲ್ಲೆಯೇ ಸಾಕ್ಷಿ. 2025ರ ಜನವರಿಯ ಮೊದಲ ವಾರ ಎದ್ದುಮೈಲಾರಂ ಹತ್ತಿರ ಸೇತುವೆಯ ಕೆಳಗೆ ಬಾಯಿ, ಕಾಲು ಕಟ್ಟಿದ ನಾಯಿಗಳು ಬಿದ್ದಿದ್ದವು. ಸುಮಾರು 40 ಅಡಿ ಎತ್ತರದಿಂದ ಎಸೆದಿದ್ದರು. 20ಕ್ಕೂ ಹೆಚ್ಚು ಸತ್ತಿದ್ದವು. ಜೀವ ಇದ್ದ 11ನ್ನು ಪ್ರಾಣಿದಯಾ ಕಾರ್ಯಕರ್ತರು ಎತ್ತಿಕೊಂಡು ಹೋದರು. ಪೇಪರಿನಲ್ಲಿ ಓದಿದಾಗ ನಮ್ಮ ಗುಂಪಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಈಗ ನಮ್ಮ ಮೂರು ಊರು. 1956ರ ತನಕ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ, ಗುಲಬರ್ಗಾ ಮೈಸೂರಿಗೆ ಹೋದವು, ನಾವು ಆಂಧ್ರಕ್ಕೆ ಬಂದೆವು, ಈಗ ತೆಲಂಗಾಣ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ನಾಯಿಗೆ ಈ ಗಡಿ ಗೊತ್ತಿಲ್ಲ, ನಮಗೆ ಗೊತ್ತು. ಹಿಡಿಯುವ ಮುನಿಸಿಪಾಲಿಟಿ ತೆಲಂಗಾಣದ್ದು, ಆದರೆ ಜಹೀರಾಬಾದಿನವರಿಗೆ ಹತ್ತಿರದ ದೊಡ್ಡ ಪಶುವೈದ್ಯ ಕಾಲೇಜು ಬೀದರದಲ್ಲಿ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯೂ ಅಲ್ಲೇ, ನಂದಿನಗರದಲ್ಲಿ. ಮುಧೋಳ ನಾಯಿಯ ತಳಿ ಉಳಿಸಲು ತಿಮ್ಮಾಪುರದಲ್ಲಿರುವ ಸಂಶೋಧನಾ ಕೇಂದ್ರವೂ ಇದೇ ವಿಶ್ವವಿದ್ಯಾಲಯದ್ದು. ಆ ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದರು. ಓಣಿಯ ನಾಯಿಗೆ ಹೆಸರೇ ಇಲ್ಲ.

2022ರಲ್ಲಿ '777 ಚಾರ್ಲಿ' ಬಂದಾಗ ಎಲ್ಲರೂ ಅತ್ತೆವು. ಆಗಿನ ಕರ್ನಾಟಕದ ಮುಖ್ಯಮಂತ್ರಿ ಬೊಮ್ಮಾಯಿಯವರೂ ಥಿಯೇಟರಿನಲ್ಲಿ ಅತ್ತರು. ಕ್ರೂರ ಮಾಲೀಕನಿಂದ ತಪ್ಪಿಸಿಕೊಂಡ ನಾಯಿಗೆ ಮನೆ ಸಿಗುವ ಕಥೆ ಅದು. ಸಿನಿಮಾ ಮುಗಿಸಿ ಹೊರಬಂದ ನಮ್ಮ ಗೆಳೆಯರು ಕೇಳಿದ್ದು ಮಾತ್ರ ಲ್ಯಾಬ್ರಡಾರ್ ರೇಟು. ಥಿಯೇಟರಿನ ಪಾರ್ಕಿಂಗಿನಲ್ಲೇ ನಾಲ್ಕು ದೇಸಿ ಮರಿ ಮಲಗಿದ್ದವು.

ನಾವೂ ಹಾಗೆಯೇ ಇದ್ದೆವು, ಒಪ್ಪಿಕೊಳ್ಳುತ್ತೇವೆ. ನವೆಂಬರ್ ಕೂಟ ಮುಗಿಸಿ ಹೊರಟಾಗ ಬಸ್ ಸ್ಟ್ಯಾಂಡಿನ ಹಿಂದಿನ ಮುಚ್ಚಿದ ಅಂಗಡಿಯ ಕಟ್ಟೆ ಕೆಳಗೆ ಏಳು ಮರಿ ಸಿಕ್ಕವು. ತಾಯಿ ಲಾರಿಗೆ ಸಿಕ್ಕು ಸತ್ತಿತ್ತು ಅಂತ ಚಹಾದ ಅಂಗಡಿಯ ಮಾಮಾ ಹೇಳಿದರು. ಮೂರು ಗಂಡು, ನಾಲ್ಕು ಹೆಣ್ಣು. ಫಾದರ್ ಸ್ಟೋರ್ ರೂಮಿನ ಬೀಗದ ಕೈ ಕೊಟ್ಟು, "ಕ್ರಿಸ್‌ಮಸ್ ಒಳಗೆ ಖಾಲಿ ಆಗಬೇಕು" ಅಂದರು. ಹತ್ತೇ ದಿನದಲ್ಲಿ ಒಂದು ಹೆಣ್ಣುಮರಿ ರಕ್ತಭೇದಿಯಿಂದ ಸತ್ತಿತು. ಪಾರ್ವೋ. ಮರಿಗಳಿಗೆ ಆರರಿಂದ ಎಂಟು ವಾರದಲ್ಲಿ ಅದರ ಲಸಿಕೆ ಹಾಕಬೇಕು, ನಾವು ಮೊದಲೇ ವಿಚಾರಿಸಲಿಲ್ಲ. ಅದು ನಮ್ಮ ತಪ್ಪು.

ಗಂಡುಮರಿ ಮೂರೂ ಒಂದೇ ವಾರದಲ್ಲಿ ಹೋದವು. ಒಂದು ತಾಂಡೂರಿನ ಕಲ್ಲು ಪಾಲಿಷಿಂಗ್ ಫ್ಯಾಕ್ಟರಿಗೆ ಕಾವಲಿಗೆ. ಒಂದು ಜಹೀರಾಬಾದ್ ಹತ್ತಿರ ಕಬ್ಬಿನ ಹೊಲಕ್ಕೆ. ಇನ್ನೊಂದು, ನಾಯಿ ಎಲ್ಲಿ ಇಡ್ತಾರೆ ಅಂತ ಕೇಳಿದ ಅಕ್ಕನ ಮನೆಗೇ. ಹೆಣ್ಣುಮರಿಗಳನ್ನು ಎಲ್ಲರೂ ಎತ್ತಿ ನೋಡಿ ಕೆಳಗಿಟ್ಟರು. "ನಾಳೆ ಇದು ಮರಿ ಹಾಕ್ತದಲ್ರಿ, ಅವಾ ಎಲ್ಲಿ ಬಿಡ್ಲಿ?" ಇದೇ ಮಾತು ಎಲ್ಲರದೂ. ಈ ಮಾತಿಗೆ ಭಾಷಣದಿಂದ ಉತ್ತರವಿಲ್ಲ. ಆಪರೇಷನ್ನಿನ ಜವಾಬ್ದಾರಿ ನಮ್ಮದು, ಆರು ತಿಂಗಳಾದಾಗ ನಾವೇ ಬಂದು ಒಯ್ದು ಮಾಡಿಸಿ ತಂದುಬಿಡುತ್ತೇವೆ ಅಂತ ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆವು. ಆಮೇಲೆ ಒಂದು ಹೆಣ್ಣುಮರಿ ನಾರಾಯಣಖೇಡದ ಒಬ್ಬ ಅಜ್ಜಿಯ ಮನೆಗೆ ಹೋಯಿತು. ಮಕ್ಕಳು ಹೈದರಾಬಾದಿನಲ್ಲಿ, ಅಜ್ಜಿ ಒಬ್ಬರೇ. ಪೋಸ್ಟರ್ ನೋಡಿ ನಕ್ಕವರು ಅವರೇ. ಈಗ ಫೋನು ಮಾಡಿದರೆ ನಮ್ಮ ಯೋಗಕ್ಷೇಮ ಕೇಳುವುದಿಲ್ಲ, ಕುನ್ನಿ ಚಪ್ಪಲಿ ಕಡಿದದ್ದನ್ನೇ ಹೇಳುತ್ತಾರೆ.

ಇನ್ನೊಂದು ಪಟ್ಟಣದ ಒಂದು ಮನೆಗೆ ಹೋಗಿ ಹನ್ನೆರಡು ದಿನಕ್ಕೆ ವಾಪಸ್ ಬಂತು. ಬಾಡಿಗೆ ಮನೆ, ಮಾಲೀಕರು ಒಪ್ಪಲಿಲ್ಲವಂತೆ. ಕೊಡುವ ಮುಂಚೆ ಮನೆ ಸ್ವಂತದ್ದೋ ಬಾಡಿಗೆಯದೋ ಅಂತ ನಾವು ಕೇಳಿರಲಿಲ್ಲ. ಈಗ ಕೇಳುತ್ತೇವೆ. ರಾತ್ರಿ ಎಲ್ಲಿ ಮಲಗಿಸುತ್ತೀರಿ, ಊರಿಗೆ ಹೋದಾಗ ಯಾರು ನೋಡುತ್ತಾರೆ, ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯೇ ಅಂತಲೂ ಕೇಳುತ್ತೇವೆ. ಮೊದಲು ಒಂದು ವಾರ ಇಟ್ಟುಕೊಂಡು ನೋಡಿ, ಆಗದಿದ್ದರೆ ಬೀದಿಗೆ ಬಿಡಬೇಡಿ, ನಮಗೇ ತಂದುಕೊಡಿ, ಏನೂ ಅನ್ನುವುದಿಲ್ಲ ಅಂತ ಹೇಳುತ್ತೇವೆ. ಹೀಗೆ ಹೇಳಿದರೆ ಜನ ಹೆದರಿ ಹಿಂದೆ ಸರಿಯುತ್ತಾರೆ ಅಂದುಕೊಂಡಿದ್ದೆವು, ಆದದ್ದು ಉಲ್ಟಾ.

ಕ್ರಿಸ್‌ಮಸ್ ಮುಗಿದು ತಿಂಗಳು ದಾಟಿದೆ, ಸ್ಟೋರ್ ರೂಮು ಇನ್ನೂ ಪೂರ್ತಿ ಖಾಲಿಯಾಗಿಲ್ಲ. ಫಾದರ್ ಕೇಳುವುದನ್ನು ಬಿಟ್ಟಿದ್ದಾರೆ, ಬೆಳಿಗ್ಗೆ ಅವರ ಚಹಾದ ಬಿಸ್ಕತ್ತು ಕಡಿಮೆಯಾಗುತ್ತಿದೆ ಅಂತ ಅಡಿಗೆಯ ಅಕ್ಕ ಹೇಳುತ್ತಾರೆ. ಎರಡು ಹೆಣ್ಣುಮರಿ ಉಳಿದಿವೆ. ಒಂದು ಕಂದು ಬಣ್ಣದ್ದು, ಎಡಗಿವಿ ಮಡಚಿದೆ, ವಾಪಸ್ ಬಂದದ್ದು ಇದೇ. ಇನ್ನೊಂದು ಪೂರ್ತಿ ಕಪ್ಪು. ಎರಡಕ್ಕೂ ಮೂರು ತಿಂಗಳು ತುಂಬಿದ ಮೇಲೆ ಈ ಜನವರಿಯಲ್ಲಿ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿದ್ದೇವೆ, ಕಾರ್ಡು ಇದೆ. ಕಪ್ಪು ಮರಿಗೆ ಕಾಳಿ ಅಂತ ಹೆಸರಿಟ್ಟವನು ಆತಕೂರಿನ ಕಥೆ ಕೇಳಿದ ಏಳನೆಯ ತರಗತಿಯ ಹುಡುಗ. ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ಎರಡೂ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಇರುತ್ತವೆ, ನಾವೂ ಇರುತ್ತೇವೆ. ಬರುವಾಗ ಮನೆಯವರನ್ನೂ ಕರೆದುಕೊಂಡು ಬನ್ನಿ.